ತಮ್ಮ ಜೈಲಿನಲ್ಲಿದ್ದಾನೆ, ಮಾನಸಿಕ ಕಾಯಿಲೆಯೂ ಇದೆ. ಮುಂದೆ ಏನಾಗುತ್ತದೆ?

ನೀವು ಕೇಳಿದ್ದು ಇಷ್ಟು. ನಿಮ್ಮ ತಮ್ಮನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ. ಮಾತ್ರೆ ಬಿಟ್ಟಿದ್ದ. ಪಕ್ಕದ ಮನೆಯವರ ಮೇಲೆ ಕೈ ಮಾಡಿದ, ಅವರಿಗೆ ಪೆಟ್ಟಾಯಿತು. ಈಗ ಪರಪ್ಪನ ಅಗ್ರಹಾರದಲ್ಲಿದ್ದಾನೆ. ಕೋರ್ಟು ಅವನನ್ನು ತಪಾಸಣೆಗೆ ನಿಮ್ಹಾನ್ಸ್‌ಗೆ ಕಳಿಸಲು ಹೇಳಿದೆ. "ಹುಚ್ಚ ಅಂತ ಬರೆದುಕೊಟ್ಟರೆ ಬಿಟ್ಟುಬಿಡ್ತಾರಾ, ಇಲ್ಲಾ ಜೀವನಪೂರ್ತಿ ಒಳಗೇ ಇಡ್ತಾರಾ? ಅವನಿಗೆ ಹಕ್ಕು ಅಂತ ಏನಾದರೂ ಉಳಿದಿದೆಯಾ?" ಅಂತ ಬರೆದಿದ್ದೀರಿ.

ನಾನು ವಕೀಲೆಯಲ್ಲ, ಡಾಕ್ಟರೂ ಅಲ್ಲ. ಸ್ಕೂಲ್ ಟೀಚರ್. ಆದರೆ 2018ರಿಂದ 2021ರವರೆಗೆ ನನ್ನ ಅಣ್ಣನ ಕೇಸಿಗೆ ಓಡಾಡಿದ್ದೇನೆ. ಅಣ್ಣ ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದ ಎರಡು ಬೈಕಿಗೆ ಬೆಂಕಿ ಹಚ್ಚಿದ್ದ. ಅದರೊಳಗೆ ಕ್ಯಾಮೆರಾ ಇದೆ, ತನ್ನನ್ನೇ ನೋಡುತ್ತಿದೆ ಎಂದು ಅವನು ನಂಬಿದ್ದ. ಯಾರಿಗೂ ಗಾಯವಾಗಲಿಲ್ಲ, ಅದು ದೇವರ ದಯೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ಸುಮ್ಮನೆ ಇರಲು ಆಗಲಿಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಇದು ಗೊತ್ತಿಲ್ಲದೆ ನಾನು ಆರು ತಿಂಗಳು ಕಳೆದುಕೊಂಡೆ. ಕೋರ್ಟು ಇಲ್ಲಿ ಒಂದಲ್ಲ, ಎರಡು ಪ್ರಶ್ನೆ ಕೇಳುತ್ತದೆ. ಈಗ ಇವನು ಹೇಗಿದ್ದಾನೆ ಅನ್ನೋದು ಮೊದಲನೆಯದು. ಅವತ್ತು, ಆ ಹೊತ್ತಿನಲ್ಲಿ, ಹೇಗಿದ್ದ ಅನ್ನೋದು ಎರಡನೆಯದು. ಎರಡಕ್ಕೂ ಬೇರೆ ಬೇರೆ ಸೆಕ್ಷನ್, ಬೇರೆ ಬೇರೆ ಸಾಕ್ಷಿ, ಬೇರೆ ಬೇರೆ ಫಲ. ನಿಮ್ಮ ತಮ್ಮನನ್ನು ಈಗ ಕಳಿಸುತ್ತಿರುವುದು ಬಹುಶಃ ಮೊದಲನೆಯದಕ್ಕೆ. ಆದೇಶದ ನಕಲು ತೆಗೆದುಕೊಂಡು ಏನು ಕೇಳಿದ್ದಾರೆ ಎಂದು ವಕೀಲರ ಬಳಿ ಓದಿಸಿ.

ಮೊದಲ ಪ್ರಶ್ನೆಗೆ ಕೋರ್ಟಿನಲ್ಲಿ "ಫಿಟ್‌ನೆಸ್" ಅನ್ನುತ್ತಾರೆ. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಹೊಸ ಕಾನೂನಿನ, ಸೆಕ್ಷನ್ 367ರಿಂದ ಶುರುವಾಗುತ್ತದೆ. ಹಳೆಯ ವಕೀಲರು ಈಗಲೂ ಹಿಂದಿನ ಕಾನೂನಿನ (ಸಿಆರ್‌ಪಿಸಿ) 328, 329 ಅಂತಲೇ ಹೇಳಬಹುದು, ಗಾಬರಿಯಾಗಬೇಡಿ. ನಿಮ್ಹಾನ್ಸ್‌ನಲ್ಲಿ ಒಂದು ದಿನ ನೋಡಿ ಬರೆದುಕೊಡುವುದಿಲ್ಲ. ಬೇಕಾದರೆ ಸೇರಿಸಿಕೊಂಡು ಗಮನಿಸುತ್ತಾರೆ. ಡಾಕ್ಟರು ಮಾತಾಡಿಸುತ್ತಾರೆ. ನರ್ಸ್‌ಗಳು ಅವನು ಹೇಗೆ ಮಲಗಿದ, ಏನು ತಿಂದ, ಯಾರ ಜೊತೆ ಮಾತಾಡಿದ ಎಂದು ಬರೆದಿಡುತ್ತಾರೆ. ಸೋಶಿಯಲ್ ವರ್ಕರ್ ನಿಮ್ಮನ್ನು ಕರೆದು ಮನೆಯ ಕಥೆ ಕೇಳುತ್ತಾರೆ. ಅವರು ತಿಳಿಯಬೇಕಾದದ್ದು ಇಷ್ಟೇ: ತನ್ನ ಮೇಲಿನ ಆರೋಪ ಏನು ಎಂದು ಅವನಿಗೆ ಗೊತ್ತಾ? ಜಡ್ಜ್ ಯಾರು, ತನ್ನ ವಕೀಲರು ಯಾರು, ಎದುರು ವಕೀಲರು ಯಾರು ಎಂದು ತಿಳಿಯುತ್ತಾ? ತನ್ನ ಕಡೆಯ ಮಾತನ್ನು ವಕೀಲರಿಗೆ ಹೇಳಬಲ್ಲನಾ? ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನೋದು ಇಲ್ಲಿ ವಿಷಯವೇ ಅಲ್ಲ.

ಆಗಲ್ಲ ಎಂದು ವರದಿ ಬಂದರೆ ಕೇಸು ನಿಲ್ಲುತ್ತದೆ, ಮುಗಿಯುವುದಿಲ್ಲ. ಇಲ್ಲಿ ಸೆಕ್ಷನ್ 369 ನಿಮ್ಮ ಕೈಯಲ್ಲಿರುವ ಮುಖ್ಯ ಆಧಾರ. ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳುವ ಅಗತ್ಯವಿಲ್ಲದಿದ್ದರೆ, ಮನೆಯವರೋ ಸ್ನೇಹಿತರೋ "ನಾವು ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ಅವನಿಗಾಗಲಿ ಬೇರೆಯವರಿಗಾಗಲಿ ಅಪಾಯ ಆಗದಂತೆ ನೋಡಿಕೊಳ್ಳುತ್ತೇವೆ" ಎಂದು ಮುಚ್ಚಳಿಕೆ ಬರೆದುಕೊಟ್ಟರೆ, ಜಾಮೀನಿನ ಮೇಲೆ ಬಿಡಲು ಕಾನೂನು ಹೇಳುತ್ತದೆ. ಜಾಮೀನು ಸಿಗುವ ಕೇಸೋ ಸಿಗದ ಕೇಸೋ ಅನ್ನೋದು ಅಡ್ಡ ಬರುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವ ಸ್ಥಿತಿ ಇಲ್ಲದಿದ್ದರೆ, ಚಿಕಿತ್ಸೆ ಸಿಗುವ ಜಾಗದಲ್ಲೇ ಇಡಬೇಕು.

ನನ್ನ ಅಣ್ಣನ ವಿಷಯದಲ್ಲಿ ವರದಿ ಬಂದು ನಾಲ್ಕು ತಿಂಗಳು ಕಡತದಲ್ಲೇ ಕೂತಿತ್ತು. ಯಾರೂ ಜಡ್ಜ್ ಮುಂದೆ ಇಟ್ಟಿರಲಿಲ್ಲ. ಪ್ರತಿ ತಾರೀಖಿಗೂ "ವರದಿಗೆ ಕಾಯಲಾಗಿದೆ" ಎಂದೇ ಬರೆಯುತ್ತಿದ್ದರು. ಅಣ್ಣ ಜೈಲಿನಲ್ಲಿದ್ದ. ಹಾಗಾಗಿ ಪ್ರತಿ ತಾರೀಖಿಗೂ ನೀವೇ ಹೋಗಿ, ವರದಿ ಬಂತಾ, ಕೋರ್ಟು ನೋಡಿತಾ ಎಂದು ಕೇಳಿ. ನಾಚಿಕೆಪಡಬೇಡಿ.

ಇನ್ನು ಎರಡನೇ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22. ಹಳೆಯ ದಂಡ ಸಂಹಿತೆಯಲ್ಲಿ (ಐಪಿಸಿ) ಇದು 84. ಕೃತ್ಯ ಮಾಡುವ ಹೊತ್ತಿನಲ್ಲಿ, ಬುದ್ಧಿ ಸ್ವಾಧೀನದಲ್ಲಿಲ್ಲದ ಕಾರಣ, ತಾನು ಏನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದಾಗಲಿ ತಿಳಿಯದಿದ್ದರೆ ಅದು ಅಪರಾಧವಲ್ಲ. ಕಾಯಿಲೆಯ ಹೆಸರು ತೋರಿಸಿದರೆ ಸಾಲದು. ಸ್ಕಿಜೋಫ್ರೇನಿಯಾ ಇರುವವರೆಲ್ಲ ಪ್ರತಿ ಕ್ಷಣವೂ ತಿಳುವಳಿಕೆ ಕಳೆದುಕೊಂಡಿರುವುದಿಲ್ಲ ಅಲ್ವಾ? ಕೋರ್ಟು ನೋಡುವುದು ಘಟನೆಯ ಹಿಂದು ಮುಂದು. ಅಣ್ಣ ಬೆಳಿಗ್ಗೆಯೇ ಬಾಟಲಿಯಲ್ಲಿ ಪೆಟ್ರೋಲ್ ತಂದಿದ್ದ. ಹಾಗಾಗಿ ಇದು ಯೋಚಿಸಿ ಮಾಡಿದ ಕೆಲಸ ಎಂದು ಸರ್ಕಾರಿ ವಕೀಲರು ವಾದಿಸಿದರು. ಆದರೆ ಬೆಂಕಿ ಹಚ್ಚಿದ ಮೇಲೆ ಅವನು ಓಡಿಹೋಗಲಿಲ್ಲ. ಪೊಲೀಸರು ಬರುವವರೆಗೂ ಅಲ್ಲೇ ಕಟ್ಟೆಯ ಮೇಲೆ ಕೂತು "ಈಗ ಯಾರೂ ನೋಡಲ್ಲ" ಎನ್ನುತ್ತಿದ್ದ. ಬೈಕ್ ಕಳೆದುಕೊಂಡ ಮನೆಯವರೇ ಸಾಕ್ಷಿ ಕಟಕಟೆಯಲ್ಲಿ ನಿಂತು ಈ ಮಾತು ಹೇಳಿದರು. ಆ ಹಿರಿಯರ ಋಣ ನಾನು ಮರೆಯುವುದಿಲ್ಲ.

ಇದನ್ನು ಸಾಬೀತು ಮಾಡುವ ಹೊಣೆ ಆರೋಪಿಯ ಮೇಲಿದೆ. ಆದರೆ ಸರ್ಕಾರದ ಕಡೆಯವರಷ್ಟು ಬಿಗಿಯಾಗಿ ಸಾಬೀತು ಮಾಡಬೇಕಿಲ್ಲ, ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಹಾಗಾಗಿ ಹಳೆಯ ಒಪಿಡಿ ಪುಸ್ತಕ, ಮೆಡಿಕಲ್ ಶಾಪಿನ ಬಿಲ್ಲು, ಹಿಂದಿನ ಸಲ ಸೇರಿಸಿದ್ದಾಗಿನ ಡಿಸ್ಚಾರ್ಜ್ ಚೀಟಿ, ಎಲ್ಲ ಹುಡುಕಿಡಿ. ಮಾತ್ರೆ ಯಾವಾಗ ಬಿಟ್ಟ ಎಂದು ಅಮ್ಮನನ್ನು ಕೇಳಿ ಇವತ್ತೇ ಬರೆದಿಡಿ. ಎರಡು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಈಗ ನಿಮ್ಮನ್ನು ಹೆದರಿಸುತ್ತಿರುವ ವಿಷಯಕ್ಕೆ ಬರುತ್ತೇನೆ. ಈ ಕಾರಣದಿಂದ ಖುಲಾಸೆಯಾದರೆ ಅವನು ಅಂದೇ ನೇರ ಮನೆಗೆ ಬರುವುದಿಲ್ಲ. ಕೃತ್ಯ ಮಾಡಿದ್ದು ಇವನೇ ಹೌದೋ ಅಲ್ಲವೋ ಎಂದು ಜಡ್ಜ್ ತೀರ್ಪಿನಲ್ಲಿ ಬಿಡಿಸಿ ಬರೆಯಬೇಕು. ಹೌದು ಎಂದಾದರೆ ಎರಡು ದಾರಿ. ಸುರಕ್ಷಿತ ಜಾಗದಲ್ಲಿ ಇರಿಸಲು ಆದೇಶ ಮಾಡಬಹುದು. ಇಲ್ಲವೇ ಮನೆಯವರು ಅರ್ಜಿ ಹಾಕಿ, ಭದ್ರತೆ ಕೊಟ್ಟು, ಕೇಳಿದಾಗ ತೋರಿಸುತ್ತೇವೆ ಎಂದು ಒಪ್ಪಿದರೆ ಅವರ ಕೈಗೆ ಒಪ್ಪಿಸಬಹುದು. ಅರ್ಜಿ ಹಾಕುವವರೇ ಇಲ್ಲದಿದ್ದರೆ ಮೊದಲ ದಾರಿಯೇ ಗತಿ. ಆಮೇಲೆ ಹೊರಗೆ ಬರಲು, ಬಿಟ್ಟರೆ ಅಪಾಯವಿಲ್ಲ ಎಂಬ ಪ್ರಮಾಣಪತ್ರ ಬೇಕು, ಅದರ ಮೇಲೆ ರಾಜ್ಯ ಸರ್ಕಾರದ ಆದೇಶ ಬೇಕು. ಜೈಲು ಶಿಕ್ಷೆಗಾದರೆ ಇಷ್ಟು ವರ್ಷ ಎಂಬ ಲೆಕ್ಕ ಇರುತ್ತದೆ. ಇದಕ್ಕೆ ಆ ಲೆಕ್ಕ ಇಲ್ಲ. ನನಗೆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಇದೇ.

ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬುವರನ್ನು 1951ರಲ್ಲಿ ಹಿಡಿದರು. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. ಇವರು ಗುಣವಾಗಿದ್ದಾರೆ ಎಂದು ಡಾಕ್ಟರು 1967ರಲ್ಲೇ ಬರೆದರು. ಮನೆಗೆ ಕಳಿಸುವ ಬದಲು ಜೈಲಿಗೆ ಕಳಿಸಿದರು. ಹೊರಗೆ ಬಂದದ್ದು 2005ರಲ್ಲಿ. ವಿಚಾರಣೆಯೇ ಇಲ್ಲದೆ 54 ವರ್ಷ. ಅವರನ್ನು ಯಾರೂ ದ್ವೇಷದಿಂದ ಒಳಗಿಟ್ಟಿರಲಿಲ್ಲ, ಮರೆತಿದ್ದರು ಅಷ್ಟೇ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಈಗಲೇ ಕೇಳುತ್ತಿದ್ದೀರಿ, ಓಡಾಡುತ್ತಿದ್ದೀರಿ. ಕೇಳುವ ಅಕ್ಕ ಇದ್ದರೆ ಕಡತ ಅಷ್ಟು ಸುಲಭವಾಗಿ ಮೂಲೆ ಸೇರುವುದಿಲ್ಲ.

ಹಕ್ಕು ಉಳಿದಿದೆಯಾ ಎಂದಿರಿ. ಖಂಡಿತ ಉಳಿದಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಅದರ ಸೆಕ್ಷನ್ 103 ಕೈದಿಗಳಿಗೇ ಇರುವುದು. ಕಾಯಿಲೆ ಇರುವ ಕೈದಿಯನ್ನು ಜೈಲಿನ ವೈದ್ಯಕೀಯ ವಿಭಾಗದಲ್ಲಿ ನೋಡಿಕೊಳ್ಳಬೇಕು, ಅಲ್ಲಿ ಆಗದಿದ್ದರೆ ಹೊರಗಿನ ಮಾನಸಿಕ ಆಸ್ಪತ್ರೆಗೆ ಕಳಿಸಬೇಕು. ಸರಪಳಿ ಹಾಕುವುದನ್ನು ಅದೇ ಕಾಯ್ದೆ ಪೂರ್ತಿ ನಿಷೇಧಿಸಿದೆ. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ, ಬರೆದಿಟ್ಟು. ಶಿಕ್ಷೆಯಾಗಿ ಕಟ್ಟುವಂತೆಯೇ ಇಲ್ಲ.

ಬೆಂಗಾವಲಿಗೆ ಬಂದವರು ಒಂದು ಆಸ್ಪತ್ರೆಯಲ್ಲಿ ಅಣ್ಣನ ಕೈಗೆ ಬೇಡಿ ಹಾಕಿ ಮಂಚಕ್ಕೆ ಸೇರಿಸಿದ್ದರು. ನಾನು ಟಿಫಿನ್ ಡಬ್ಬಿ ಹಿಡಿದುಕೊಂಡು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಅವನು ಎಡಗೈಯಲ್ಲಿ ಮೊಸರನ್ನ ತಿಂದ. ಆಗ ನನಗೆ ಗೊತ್ತಿರಲಿಲ್ಲ, ಹೀಗೆ ಆಸ್ಪತ್ರೆಯಲ್ಲಿರುವ ಬಂಧಿತರಿಗೆ ಬೇಡಿ ಹಾಕಿ ಮಂಚಕ್ಕೆ ಕಟ್ಟಿದ್ದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಖಂಡಿಸಿ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಹಾಗೆ ಮಾಡಬಾರದು ಎಂದಿತ್ತು. ನೀವು ಹಾಗೇನಾದರೂ ಕಂಡರೆ ಜಗಳಕ್ಕೆ ಹೋಗಬೇಡಿ. ದಿನ, ಸಮಯ ಬರೆದುಕೊಂಡು ವಕೀಲರ ಮೂಲಕ ಕೋರ್ಟಿಗೆ ತಿಳಿಸಿ. ನಾವು ತಿಳಿಸಿದ ಮೇಲೆ ಬೇಡಿ ಹೋಯಿತು.

ವಕೀಲರ ಫೀಸಿನ ಬಗ್ಗೆಯೂ ಬರೆದಿದ್ದೀರಿ. ಬಂಧನದಲ್ಲಿರುವವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯ ಎಷ್ಟೇ ಇರಲಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದೆ. ಫೋನ್ ಮಾಡುವುದಾದರೆ 15100. ಈ ನೆರವು ಇದೆ ಎಂದು ತಿಳಿಸುವುದು ಪೊಲೀಸರ, ಮ್ಯಾಜಿಸ್ಟ್ರೇಟರ, ಜೈಲಿನವರ ಕರ್ತವ್ಯ ಎಂದೇ 2017ರ ಕಾಯ್ದೆ ಹೇಳುತ್ತದೆ. ನನಗೆ ಮೊದಲ ವರ್ಷ ಯಾರೂ ಹೇಳಲಿಲ್ಲ.

ತಮ್ಮ ಸ್ವಲ್ಪ ಸರಿಯಾಗಿ ಮಾತಾಡುವ ದಿನ ಒಂದು ಬಿಳಿ ಹಾಳೆಯಲ್ಲಿ ನಿಮ್ಮನ್ನು ತನ್ನ ನಾಮನಿರ್ದೇಶಿತ ಪ್ರತಿನಿಧಿ ಎಂದು ಬರೆಸಿ, ಸಹಿ ಹಾಕಿಸಿ. ಆಗ ಏನು ಕಾಯಿಲೆ, ಏನು ಔಷಧ ಎಂದು ಕೇಳುವ ಹಕ್ಕು ನಿಮಗೆ ಬರುತ್ತದೆ. ಅವನ ಒಪ್ಪಿಗೆ ಇಲ್ಲದೆ ಫೋಟೋ, ವಿವರ ಯಾವ ಚಾನೆಲ್‌ಗೂ ಕೊಡುವಂತಿಲ್ಲ. ಚಿಕಿತ್ಸೆಯಲ್ಲಿ ಅನ್ಯಾಯವಾಗುತ್ತಿದೆ ಅನ್ನಿಸಿದರೆ ಮಾನಸಿಕ ಆರೋಗ್ಯ ಪುನರ್ ಪರಿಶೀಲನಾ ಮಂಡಳಿಗೆ ಅರ್ಜಿ ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಒಂದು ಎಚ್ಚರಿಕೆ. ಕೋರ್ಟಿಗಾಗಿ ಮಾಡುವ ತಪಾಸಣೆಯಲ್ಲಿ ಅವನು ಹೇಳಿದ್ದು ವರದಿಯಲ್ಲಿ ಬರಬಹುದು. ಮಾಮೂಲಿ ಚಿಕಿತ್ಸೆಯ ಗುಟ್ಟು ಇಲ್ಲಿ ಅಷ್ಟೇ ಗಟ್ಟಿಯಾಗಿ ಇರುವುದಿಲ್ಲ. ಇದನ್ನು ಅವನಿಗೆ ಅರ್ಥವಾಗುವಂತೆ ಮೊದಲೇ ಹೇಳಿ. ಆದರೆ "ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸ್ತಾರಂತೆ" ಎಂದು ನಿಮ್ಮ ಅಮ್ಮ ಅಳುತ್ತಿದ್ದಾರಲ್ಲ, ಅವರಿಗೆ ಧೈರ್ಯ ಹೇಳಿ. ಒಪ್ಪಿಗೆ ಇಲ್ಲದೆ ನಾರ್ಕೋ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ.

"ನಮ್ಮ ಮನೆಗೇ ಯಾಕೆ ಹೀಗಾಯ್ತು" ಎಂದೂ ಬರೆದಿದ್ದೀರಿ. ನಿಮ್ಹಾನ್ಸ್ ಡಾಕ್ಟರುಗಳು ಇದೇ ಪರಪ್ಪನ ಅಗ್ರಹಾರದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿದ್ದರು. ವರದಿ 2011ರಲ್ಲಿ ಬಂತು. ಕುಡಿತ, ನಶೆಯ ಸಮಸ್ಯೆಯನ್ನು ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27 ಜನರಿಗೆ ಯಾವುದೋ ಒಂದು ಮಾನಸಿಕ ಕಾಯಿಲೆ ಇತ್ತು. ಭೇಟಿಯ ಸಾಲಿನಲ್ಲಿ ನಿಂತಾಗ ನಿಮ್ಮ ಹಿಂದೆ ಮುಂದೆ ಇರುವವರಲ್ಲಿ ಎಷ್ಟೋ ಜನ ಇದೇ ಸಂಕಟದಲ್ಲಿರುತ್ತಾರೆ. ಮಾತಾಡಿಸಿ. ನನಗೆ ಮುಚ್ಚಳಿಕೆಯ ವಿಷಯ ಮೊದಲು ಹೇಳಿದ್ದು ಆ ಸಾಲಿನಲ್ಲಿ ಸಿಕ್ಕ ಒಬ್ಬ ತಾಯಿ. ಅಮ್ಮನಿಗೆ ತೀರಾ ಕಷ್ಟವಾದಾಗ 14416ಕ್ಕೆ ಫೋನ್ ಮಾಡಿಸಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಔಷಧದ ಬಗ್ಗೆ ಮರೆಯದೆ ನೋಡಿ. ಆಸ್ಪತ್ರೆಯಿಂದ ಜೈಲಿಗೆ ವಾಪಸ್ ಬರುವಾಗ ಮಾತ್ರೆ ತಪ್ಪುವುದು ಜಾಸ್ತಿ. ಡಿಸ್ಚಾರ್ಜ್ ಚೀಟಿಯ ನಕಲು ಜೈಲಿನ ವೈದ್ಯಾಧಿಕಾರಿಗೆ ತಲುಪಿತಾ ಎಂದು ಅದೇ ವಾರ ವಿಚಾರಿಸಿ. ಅಣ್ಣನಿಗೆ ಹನ್ನೊಂದು ದಿನ ತಪ್ಪಿತ್ತು, ಮತ್ತೆ ಕ್ಯಾಮೆರಾ ಕಾಣಿಸತೊಡಗಿತು. ಕೇಸು ಎಳೆದರೆ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479ರ ಬಗ್ಗೆಯೂ ಕೇಳಿ. ಗರಿಷ್ಠ ಶಿಕ್ಷೆಯ ಅರ್ಧದಷ್ಟು, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದರಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಬರುವ ಆರೋಪಗಳಿಗೆ ಇದಿಲ್ಲ. ಬೇರೆ ಕೇಸುಗಳೂ ಇದ್ದರೆ ಅಡ್ಡ ಬರುತ್ತದೆ.

ಅಣ್ಣ ಈಗ ನನ್ನ ಮನೆಯಲ್ಲಿದ್ದಾನೆ. 2021ರಲ್ಲಿ ಕೋರ್ಟು ನನ್ನ ಕೈಗೆ ಒಪ್ಪಿಸಿತು. ಸಹಿ ಹಾಕುವಾಗ ಕೈ ನಡುಗಿತ್ತು, ಅದೂ ಸತ್ಯ. ಒಪ್ಪಿಕೊಳ್ಳುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಮಾತ್ರೆ ಕೊಡುವವರು ಯಾರು, ಒಪಿಡಿಗೆ ಕರೆದುಕೊಂಡು ಹೋಗುವವರು ಯಾರು, ಪಕ್ಕದ ಮನೆಯವರ ಎದುರಿಗೇ ಇರಿಸಿಕೊಳ್ಳುವುದಾ ಬೇರೆ ಕಡೆ ಇರುವುದಾ, ಎಲ್ಲ. ಪೆಟ್ಟು ತಿಂದವರ ಮನೆಗೆ ಒಮ್ಮೆ ಹೋಗಿ ಬನ್ನಿ, ಕೇಸಿಗಾಗಿ ಅಲ್ಲ.

ಭೇಟಿಗೆ ಹೋಗುವಾಗ ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಮುಂದಿನ ತಾರೀಖು ಯಾವತ್ತು ಎಂದು ತಮ್ಮನಿಗೆ ಹೇಳಿ, ಎರಡು ಸಲ ಹೇಳಿ. ಅಣ್ಣ ಊಟ ಕೇಳುತ್ತಿರಲಿಲ್ಲ, ಬಟ್ಟೆ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಅದೊಂದನ್ನೇ ಕೇಳುತ್ತಿದ್ದ.