ಇನ್ಶೂರೆನ್ಸ್ ಇಲ್ಲದಾಗ ಬರುವ ಹೊಟ್ಟೆನೋವು: ಹೊಸದಾಗಿ ಬಂದ ತಂಗಿಗೆ

ತಂಗಿ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಎರಡು ಮೂರು ವಾರಕ್ಕೊಮ್ಮೆ ಹೊಟ್ಟೆನೋವು ಬರುತ್ತದೆ, ತಾನಾಗಿಯೇ ಹೋಗುತ್ತದೆ. ಅರ್ಜೆಂಟ್ ಕೇರ್‌ನವರು, ಅಂದರೆ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದಾದ ಕ್ಲಿನಿಕ್‌ನವರು, ಗ್ಯಾಸ್ ಇರಬಹುದು, ಸ್ಪೆಷಲಿಸ್ಟ್ ಹತ್ತಿರ ತೋರಿಸಿ ಅಂದರು. ಅಷ್ಟರಲ್ಲಿ ನಿಮ್ಮೆಜಮಾನರ ಕೆಲಸ ಹೋಯಿತು. ಕಳೆದ ತಿಂಗಳ ಕೊನೆಗೆ ಇನ್ಶೂರೆನ್ಸೂ ನಿಂತಿತು. ‘ಊರಿಂದ ತಂದ ಮೆಫ್ಟಾಲ್ ಸ್ಪಾಸ್ ನೋವಿನ ಮಾತ್ರೆ ನುಂಗಿಕೊಂಡು ಊರಿಗೆ ಹೋಗುವ ತನಕ ತಡೆದುಕೊಳ್ಳಲಾ ಅಕ್ಕ? ದುಡ್ಡಿಲ್ಲದವರು ಈ ದೇಶದಲ್ಲಿ ಕಾಯಿಲೆ ಬಿದ್ದರೆ ಏನು ಮಾಡುತ್ತಾರೆ?’ ಅಂತ ಕೇಳಿದ್ದೀಯ.

ತಡೆದುಕೊಳ್ಳಬೇಡ. ಇದು ನನ್ನ ಮೊದಲ ಮಾತು. ನಾನು ಡಾಕ್ಟರ್ ಅಲ್ಲ. ಆದರೆ ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಇನ್ಶೂರೆನ್ಸ್ ಇಲ್ಲದ ದಿನಗಳನ್ನೂ ಕಂಡಿದ್ದೇನೆ, ಕಾರಣ ಗೊತ್ತಿಲ್ಲದ ಹೊಟ್ಟೆನೋವನ್ನೂ ಉಂಡಿದ್ದೇನೆ. ಇಲ್ಲಿ ದುಡ್ಡಿಲ್ಲದವರಿಗೂ ದಾರಿಗಳಿವೆ. ಆದರೆ ಅವು ತಾವಾಗಿ ತೆರೆದುಕೊಳ್ಳುವುದಿಲ್ಲ. ‘ನನ್ನ ಹತ್ತಿರ ಇಷ್ಟು ದುಡ್ಡಿಲ್ಲ, ಏನು ಸಹಾಯ ಇದೆ?’ ಅಂತ ಬಾಯಿಬಿಟ್ಟು ಕೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಒಂದು ಮಾತು ಬಾಯಿಗೆ ಬರುವುದೇ ಕಷ್ಟ. ಅಳುವ ಮಗುವಿಗೇ ಹಾಲು ಅನ್ನುವುದು ಈ ದೇಶದ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದ ಮಾತು.

ದುಡ್ಡಿನ ಲೆಕ್ಕ ಹಾಕುತ್ತಾ ಕೂರಬಾರದ ಸಂದರ್ಭಗಳನ್ನು ಮೊದಲು ಹೇಳಿಬಿಡುತ್ತೇನೆ. ಹೊಕ್ಕುಳ ಸುತ್ತ ಶುರುವಾದ ನೋವು ಕೆಳಗೆ ಬಲಗಡೆಗೆ ಬಂದು ನಿಂತು, ಜ್ವರ, ವಾಂತಿ ಜೊತೆಗೆ ಬಂದರೆ ಅಪೆಂಡಿಕ್ಸ್ ಇರಬಹುದು. ಮುಟ್ಟು ತಪ್ಪಿದ್ದು ಕಿಬ್ಬೊಟ್ಟೆಯಲ್ಲಿ ಒಂದು ಕಡೆ ಜೋರಾಗಿ ನೋವು ಬಂದರೆ, ಗರ್ಭವು ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ನಿಂತಿರಬಹುದು. ಅದು ಜೀವಕ್ಕೇ ಅಪಾಯ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಕಣ್ಣು ಹಳದಿಯಾಗುವುದು, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು, ತಲೆ ಸುತ್ತಿ ಬೀಳುವುದು, ಹಿಂದೆಂದೂ ಕಾಣದಂಥ ನೋವು, ಇವು ಯಾವುದು ಬಂದರೂ ನೇರ ಎಮರ್ಜೆನ್ಸಿಗೆ ಹೋಗು. ಪೆಪ್ಟೋ ಬಿಸ್ಮಾಲ್ ಕುಡಿದರೂ, ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ. ಅವನ್ನು ತಗೊಂಡಿದ್ದರೆ ಅಲ್ಲಿ ಹೇಳು.

ಎಮರ್ಜೆನ್ಸಿಯವರು ನಿನ್ನನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. 1986ರಿಂದ ಎಮ್ಟಾಲಾ ಅಂತ ಕಾಯ್ದೆ ಇದೆ. ಮೊದಲು ಪರೀಕ್ಷೆ ಮಾಡಬೇಕು, ಜೀವಕ್ಕೆ ಅಪಾಯ ಇಲ್ಲದ ಸ್ಥಿತಿಗೆ ತರಬೇಕು. ದುಡ್ಡಿನ ಮಾತಿಗಾಗಿ ಅದನ್ನು ತಡ ಮಾಡುವಂತಿಲ್ಲ. ಅಂದಮಾತ್ರಕ್ಕೆ ಅದು ಪುಕ್ಕಟೆ ಅಲ್ಲ, ಬಿಲ್ ಆಮೇಲೆ ಮನೆಗೆ ಬರುತ್ತದೆ. ಬಿಲ್ಲನ್ನು ಆಮೇಲೆ ಇಳಿಸಬಹುದು, ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಅಪಾಯ. ನೆನಪಿರಲಿ.

ಇನ್ನೊಂದು ಕೆಲಸಕ್ಕೆ ನಿನಗೆ ದಿನಗಳು ಎಣಿಕೆಯಲ್ಲಿವೆ. ಕಂಪನಿಯ ಇನ್ಶೂರೆನ್ಸ್ ನಿಂತ ಮೇಲೆ ಅದನ್ನೇ ಕೋಬ್ರಾ ಅಂತ ಮುಂದುವರಿಸಲು 60 ದಿನ ಸಮಯ ಇರುತ್ತದೆ. 20 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಂಪನಿ ಆಗಿರಬೇಕು. ಪ್ರೀಮಿಯಂ ಪೂರ್ತಿ ನೀವೇ ಕಟ್ಟಬೇಕು, ಮೇಲೆ 2% ಕೂಡ, ಹಾಗಾಗಿ ದುಬಾರಿ. ಆದರೆ ಅದರೊಳಗೆ ಒಂದು ಅನುಕೂಲ ಇದೆ. 60 ದಿನದೊಳಗೆ ಯಾವತ್ತು ಸೇರಿದರೂ, ಹಿಂದಿನ ಪ್ರೀಮಿಯಂ ಕಟ್ಟಿದರೆ, ಇನ್ಶೂರೆನ್ಸ್ ನಿಂತ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಈ ಮಧ್ಯೆ ಎಮರ್ಜೆನ್ಸಿಯಲ್ಲಿ ಅಡ್ಮಿಟ್ ಆಗಬೇಕಾಗಿ ಬಂದರೆ ಆಗ ಸೇರಬಹುದು. ಏನೂ ಆಗದಿದ್ದರೆ ಕಟ್ಟಬೇಕಿಲ್ಲ. ಕಂಪನಿಯಿಂದ ಬಂದ ಆ ಪತ್ರವನ್ನು ಎಸೆಯದೆ ಇಟ್ಟುಕೋ, ಕೊನೆಯ ತಾರೀಕನ್ನು ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆ. ಗೆಟ್ ಕವರ್ಡ್ ಎನ್‌ಜೆ ಅನ್ನುವ ರಾಜ್ಯದ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸಿನಲ್ಲೂ ಹಳೆ ಇನ್ಶೂರೆನ್ಸ್ ಹೋದ 60 ದಿನದೊಳಗೆ ಹೊಸದು ತಗೊಳ್ಳಬಹುದು. ಕಾನೂನುಬದ್ಧ ವೀಸಾದ ಮೇಲೆ ಇರುವವರಿಗೂ ಅದು ಸಿಗುತ್ತದೆ. ಫೋನ್ ಮಾಡಿ ನಿಮ್ಮ ಈಗಿನ ಆದಾಯ ಹೇಳಿ, ಎಷ್ಟಾಗುತ್ತದೆ ಅಂತ ಕೇಳು.

ಈಗ ನಿನ್ನ ನೋವಿಗೆ ಬರೋಣ. ನೀನು ಹೋಗಬೇಕಾದ ಜಾಗ ಅರ್ಜೆಂಟ್ ಕೇರ್ ಅಲ್ಲ. ಅವರು ಅವತ್ತಿನ ನೋವು ನೋಡುತ್ತಾರೆ, ಹಿಂದಿನದು ಮುಂದಿನದು ಅವರಿಗೆ ಗೊತ್ತಾಗುವುದಿಲ್ಲ. ಮರುಕಳಿಸುವ ನೋವಿಗೆ ಒಬ್ಬರೇ ಡಾಕ್ಟರ್ ಮತ್ತೆ ಮತ್ತೆ ನೋಡಬೇಕು. ಅದಕ್ಕೆ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಿವೆ. ಫೆಡರಲ್ ಸರ್ಕಾರದ ಅನುದಾನದಿಂದ ನಡೆಯುತ್ತವೆ. ಇನ್ಶೂರೆನ್ಸ್ ಇಲ್ಲ ಅಂತ, ಕೊಡಲು ದುಡ್ಡಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಫೀಸು ಆದಾಯ ನೋಡಿ ಇಳಿಯುತ್ತದೆ, ಅದಕ್ಕೆ ಸ್ಲೈಡಿಂಗ್ ಫೀ ಅನ್ನುತ್ತಾರೆ. ಆದಾಯ ಸರ್ಕಾರ ಗೊತ್ತುಮಾಡಿದ ಬಡತನದ ಮಟ್ಟಕ್ಕಿಂತ ಕೆಳಗಿದ್ದರೆ ಹೆಸರಿಗೊಂದಿಷ್ಟು ತಗೊಳ್ಳುತ್ತಾರೆ, ಆ ಮಟ್ಟದ ಎರಡು ಪಟ್ಟಿನವರೆಗೂ ರಿಯಾಯಿತಿ ಇದೆ. 2025ರಲ್ಲಿ ಇಬ್ಬರ ಸಂಸಾರಕ್ಕೆ ಆ ಮಟ್ಟ ವರ್ಷಕ್ಕೆ 21,150 ಡಾಲರ್ ಇತ್ತು. ಸಂಬಳವೇ ನಿಂತಿರುವಾಗ ನಿಮ್ಮದು ಎಲ್ಲಿ ಬರುತ್ತದೆ ಅಂತ ನೀನೇ ನೋಡು. ಈ ಸೆಂಟರ್‌ಗಳಿಗೆ ಅನುದಾನ ಕೊಡುವ ಫೆಡರಲ್ ಇಲಾಖೆ ಎಚ್‌ಆರ್‌ಎಸ್‌ಎ ವೆಬ್‌ಸೈಟಿನಲ್ಲಿ ಜಿಪ್ ಕೋಡ್ ಹಾಕಿದರೆ ಹತ್ತಿರದ ಸೆಂಟರ್ ತೋರಿಸುತ್ತದೆ. ಹೋಗುವಾಗ ಪಾಸ್‌ಪೋರ್ಟ್, ಮನೆ ಬಾಡಿಗೆಯ ಅಗ್ರಿಮೆಂಟ್, ಕೊನೆಯ ಪೇ ಸ್ಲಿಪ್, ಕೆಲಸದಿಂದ ತೆಗೆದ ಪತ್ರ, ಅರ್ಜೆಂಟ್ ಕೇರ್‌ನ ಕಾಗದಗಳು, ಇಷ್ಟನ್ನೂ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗು.

ಅದಕ್ಕೂ ಮೊದಲು ಇವತ್ತೇ ಒಂದು ನೋಟ್‌ಬುಕ್ ಶುರು ಮಾಡು. ಇದಕ್ಕೆ ಒಂದು ಡಾಲರ್ ಕೂಡ ಬೇಡ, ಡಾಕ್ಟರಿಗೆ ಇದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ನನ್ನ ಹಳೆಯ ನೋಟ್‌ಬುಕ್‌ನ ಒಂದು ಪುಟದಲ್ಲಿ ಹೀಗಿದೆ: ‘ಶನಿವಾರ. ಗೆಳತಿ ಮನೆಯಲ್ಲಿ ಊಟ. ಪೂರಿ, ಸಾಗು, ಬೋಂಡ, ತುಪ್ಪದ ಹೋಳಿಗೆ. ರಾತ್ರಿ ಹತ್ತಕ್ಕೆ ಶುರು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದ ಹಾಗೆ. ಬೆನ್ನಿಗೆ, ಬಲ ಭುಜಕ್ಕೆ ಹೋಯಿತು. ವಾಂತಿ ಬಂದಂತಾಯಿತು. ಹನ್ನೆರಡರ ಹೊತ್ತಿಗೆ ತಾನಾಗಿ ಕಡಿಮೆ.’ ಅಂಥವೇ ನಾಲ್ಕಾರು ಪುಟ. ಹೆಲ್ತ್ ಸೆಂಟರಿನ ಡಾಕ್ಟರಮ್ಮ ಅದನ್ನು ಓದಿಸಿಕೊಂಡು ಕೇಳಿದರು. ಜಿಡ್ಡಿನ ಊಟ ಆದಾಗಲೇ ಯಾಕೆ ಬರುತ್ತಿದೆ, ಪಿತ್ತಕೋಶದಲ್ಲಿ ಕಲ್ಲಿರಬಹುದು, ಒಂದು ಅಲ್ಟ್ರಾಸೌಂಡ್ ಮಾಡಿಸೋಣ ಅಂದರು. ಕಲ್ಲೇ ಇತ್ತು. ಎಷ್ಟೋ ದಿನದಿಂದ ಎಲ್ಲರೂ ಗ್ಯಾಸ್ ಅನ್ನುತ್ತಿದ್ದರು.

ನಿನ್ನದೂ ಅದೇ ಅಂತ ನಾನು ಹೇಳುತ್ತಿಲ್ಲ. ನೀನು ಬರೆಯಬೇಕಾದದ್ದು ಇಷ್ಟು: ಯಾವ ದಿನ, ಎಷ್ಟು ಹೊತ್ತಿಗೆ, ಏನು ತಿಂದು ಎಷ್ಟು ಹೊತ್ತಾಗಿತ್ತು, ಎಲ್ಲಿ ನೋವು, ಉರಿಯೋ ಚುಚ್ಚುವುದೋ ನುಲಿಯುವುದೋ, ಎಷ್ಟು ಹೊತ್ತು ಇತ್ತು, ಮಲ ಹೇಗಿತ್ತು, ಮುಟ್ಟಿನ ಎಷ್ಟನೇ ದಿನ, ಯಾವ ಮಾತ್ರೆ ತಗೊಂಡೆ. ಮುಟ್ಟಿನ ದಿನ ಬರೆಯುವುದನ್ನು ಬಿಡಬೇಡ. ತಿಂಗಳ ಲೆಕ್ಕಕ್ಕೆ ಸರಿಯಾಗಿ ನೋವು ಬರುತ್ತಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು. ಅದು ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ, ನೋಟ್‌ಬುಕ್‌ನಲ್ಲೇ ಅದರ ಸುಳಿವು ಸಿಗುವುದು. ಊಟ ತಪ್ಪಿದಾಗ ಮೇಲ್ಹೊಟ್ಟೆ ಉರಿದರೆ ಎಚ್ ಪೈಲೋರಿ ಅನ್ನುವ ಹೊಟ್ಟೆಯ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕಾ ಅಂತ ಕೇಳು. ನಮ್ಮ ದೇಶದಲ್ಲಿ ಬೆಳೆದವರಲ್ಲಿ ಆ ಸೋಂಕು ಬಹಳ ಸಾಮಾನ್ಯ. ಮಲದ ಪರೀಕ್ಷೆಯಲ್ಲಿ ಅಥವಾ ಉಸಿರಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಿಂದ ವಾಸಿಯಾಗುತ್ತದೆ. ಆದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಆಸಿಡ್ ಮಾತ್ರೆ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ವಾರ ಮೊದಲು ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಹಾಲು ಒಗ್ಗುತ್ತಿಲ್ಲವೇನೋ ಅಂತ ಅನುಮಾನ ಇದ್ದರೆ ಎರಡು ವಾರ ಹಾಲು, ಐಸ್‌ಕ್ರೀಮ್, ಪನೀರ್ ಬಿಟ್ಟು ನೋಡು, ಖರ್ಚಿಲ್ಲದ ಪರೀಕ್ಷೆ ಅದು. ಗೋಧಿಯನ್ನು ಮಾತ್ರ ನೀನಾಗಿ ಬಿಡಬೇಡ. ಗೋಧಿ ಒಗ್ಗದ ಸೀಲಿಯಾಕ್ ಅನ್ನುವ ಕಾಯಿಲೆಯ ರಕ್ತ ಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು.

ಎಲ್ಲ ನೋಡಿದ ಮೇಲೂ ಏನೂ ಸಿಗಲಿಲ್ಲ ಅಂದುಕೋ. ಆಗ ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ, ಇರಬಹುದು ಅನ್ನುತ್ತಾರೆ. ಅದು ಮನಸ್ಸಿನ ಭ್ರಮೆ ಅಂತ ಅರ್ಥ ಅಲ್ಲ. ಕರುಳಿಗೂ ಮಿದುಳಿಗೂ ನೇರ ನಂಟಿದೆ, ಮನೆಯಲ್ಲಿ ಸಂಬಳ ನಿಂತ ತಿಂಗಳು ಹೊಟ್ಟೆ ಸುಮ್ನೆ ಇರುವುದಿಲ್ಲ. ಅದಕ್ಕೂ ಊಟದ ಬದಲಾವಣೆ ಇದೆ, ಔಷಧಿ ಇದೆ.

ಮೆಫ್ಟಾಲ್ ಸ್ಪಾಸ್ ಬಗ್ಗೆ. ಅದರಲ್ಲಿರುವ ಮೆಫೆನಾಮಿಕ್ ಆಸಿಡ್ ಮತ್ತು ಇಲ್ಲಿ ಸಿಗುವ ಐಬುಪ್ರೊಫೆನ್, ಅಂದರೆ ಅಡ್ವಿಲ್, ಎರಡೂ ಒಂದೇ ಜಾತಿಯವು. ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ಹುಣ್ಣು ಮಾಡಬಲ್ಲವು. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ವಾರಗಟ್ಟಲೆ ಅವನ್ನೇ ನುಂಗುವುದು ಉರಿಯುವ ಬೆಂಕಿಗೆ ಎಣ್ಣೆ. ಎರಡನ್ನೂ ಒಟ್ಟಿಗಂತೂ ತಗೊಳ್ಳಲೇಬೇಡ. ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೊಫೆನ್ ಅಂತ ಸಿಗುತ್ತದೆ, ಟೈಲೆನಾಲ್ ಅದೇ. ಹೊಟ್ಟೆಗೆ ಅದು ವಾಸಿ, ಆದರೆ ಡಬ್ಬಿಯ ಮೇಲೆ ಬರೆದ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು. ನೆಗಡಿ ಮಾತ್ರೆಗಳಲ್ಲೂ ಅದು ಸೇರಿರುತ್ತದೆ, ಓದಿ ತಗೋ. ಜೀರಿಗೆ ಕಷಾಯ, ಓಮದ ನೀರು, ಇಂಗು ಹಾಕಿದ ಮಜ್ಜಿಗೆ ಕುಡಿ, ನಾನೂ ಕುಡಿಯುತ್ತೇನೆ. ಆದರೆ ಕಷಾಯಕ್ಕೆ ನೋವು ಕಡಿಮೆಯಾಯಿತು ಅಂತ ಡಾಕ್ಟರ್ ಅಪಾಯಿಂಟ್‌ಮೆಂಟ್ ಬಿಡಬೇಡ.

ಸ್ಕ್ಯಾನ್ ಬರೆದುಕೊಟ್ಟರೆ ಅವತ್ತೇ ಆಸ್ಪತ್ರೆಗೆ ಓಡಬೇಡ. ಅದೇ ಅಲ್ಟ್ರಾಸೌಂಡ್‌ಗೆ ಆಸ್ಪತ್ರೆಯಲ್ಲಿ ಒಂದು ರೇಟು, ಹೊರಗಿನ ಇಮೇಜಿಂಗ್ ಸೆಂಟರಿನಲ್ಲಿ ಒಂದು ರೇಟು. ಹೊರಗಿನದು ಸಾಮಾನ್ಯವಾಗಿ ಬಹಳ ಕಡಿಮೆ. ಮೂರು ನಾಲ್ಕು ಕಡೆ ಫೋನ್ ಮಾಡಿ ‘ನಾನು ಸೆಲ್ಫ್ ಪೇ, ಕ್ಯಾಶ್ ಪ್ರೈಸ್ ಎಷ್ಟು, ರಿಪೋರ್ಟ್ ಓದುವ ಡಾಕ್ಟರ ಫೀಸೂ ಅದರಲ್ಲಿ ಸೇರಿದೆಯಾ’ ಅಂತ ಕೇಳು. 2022ರ ಜನವರಿಯಿಂದ ಇನ್ಶೂರೆನ್ಸ್ ಇಲ್ಲದವರಿಗೆ ಮುಂಚೆಯೇ ಅಂದಾಜು ಖರ್ಚನ್ನು ಬರೆದು ಕೊಡಬೇಕು ಅಂತ ಕಾನೂನು ಬಂದಿದೆ. ಗುಡ್ ಫೇತ್ ಎಸ್ಟಿಮೇಟ್ ಅಂತ ಕೇಳು. ಬಿಲ್ ಅದಕ್ಕಿಂತ 400 ಡಾಲರ್ ಅಥವಾ ಜಾಸ್ತಿ ಬಂದರೆ 120 ದಿನದೊಳಗೆ ತಕರಾರು ಹಾಕಬಹುದು. ಔಷಧಿಗೂ ಹಾಗೆಯೇ. ಒಂದೇ ಮಾತ್ರೆಯ ಬೆಲೆಗೆ ಅಂಗಡಿಯಿಂದ ಅಂಗಡಿಗೆ ಅಜಗಜಾಂತರ ಇರುತ್ತದೆ, ಗುಡ್‌ಆರ್‌ಎಕ್ಸ್ ಅನ್ನುವ ರಿಯಾಯಿತಿ ಕೂಪನ್ ತೋರಿಸಿ ಎಲ್ಲಿ ಕಡಿಮೆ ಅಂತ ನೋಡು.

ದೊಡ್ಡ ಬಿಲ್ ಬಂದರೆ ಹೆದರಿ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿಬಿಡಬೇಡ. ಕಾರ್ಡಿಗೆ ಹಾಕಿದ ಮೇಲೆ ಅದು ಬ್ಯಾಂಕಿನ ಸಾಲ, ಆಸ್ಪತ್ರೆಯವರ ಹತ್ತಿರ ಮಾತಾಡಲು ಏನೂ ಉಳಿಯುವುದಿಲ್ಲ. ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳೆಲ್ಲ ಬಡವರಿಗೆ ಬಿಲ್ ಬಿಡುವ ಅಥವಾ ಇಳಿಸುವ ನಿಯಮವನ್ನು ಬರೆದಿಟ್ಟಿರಲೇಬೇಕು. 2010ರ ಆರೋಗ್ಯ ಕಾಯ್ದೆಯಲ್ಲಿ ಬಂದ ಕಡ್ಡಾಯ ಇದು. ಮೊದಲ ಬಿಲ್ ಬಂದ ದಿನದಿಂದ 240 ದಿನದ ತನಕ ಅರ್ಜಿ ಹಾಕಬಹುದು. ನಮ್ಮ ನ್ಯೂಜೆರ್ಸಿಯಲ್ಲಿ ಇದರ ಜೊತೆಗೆ ಚಾರಿಟಿ ಕೇರ್ ಅಂತ ರಾಜ್ಯದ ಯೋಜನೆಯೇ ಇದೆ. ಆದಾಯ ಬಡತನದ ಮಟ್ಟದ 200% ಒಳಗಿದ್ದರೆ ಆಸ್ಪತ್ರೆಯ ಬಿಲ್ ಪೂರ್ತಿ, 300% ತನಕ ಒಂದು ಭಾಗ ಮನ್ನಾ ಆಗಬಹುದು. ಉಳಿತಾಯದ ಲೆಕ್ಕವನ್ನೂ ಕೇಳುತ್ತಾರೆ. ಆಪರೇಷನ್ ಮಾಡಿದ ಡಾಕ್ಟರ್, ಅರಿವಳಿಕೆ ಕೊಟ್ಟವರು, ಸ್ಕ್ಯಾನ್ ಓದಿದವರು ಬೇರೆ ಬೇರೆ ಬಿಲ್ ಕಳಿಸುತ್ತಾರೆ, ಅವು ಇದರಲ್ಲಿ ಸೇರದೆ ಇರಬಹುದು. ಅವರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಬೇಕು.

ನನ್ನ ಪಿತ್ತಕೋಶದ ಆಪರೇಷನ್ ಬಿಲ್ ಬಂದಾಗ ನಾನು ಮಾಡಿದ್ದೂ ಇದೇ. ಮೊದಲು ಐಟಮೈಸ್ಡ್ ಬಿಲ್ ಕೇಳಿ ತರಿಸಿಕೊಂಡೆ. ಒಂದೊಂದು ಸಾಲೂ ನೋಡಿದೆ. ಕೊಡದೇ ಇದ್ದ ಒಂದು ಇಂಜೆಕ್ಷನ್ ಅದರಲ್ಲಿ ಇತ್ತು, ತೆಗೆಸಿದೆ. ಆಮೇಲೆ ಅರ್ಜಿ ಹಾಕಿದೆ. ಮೊದಲ ಸಲ ಒಂದು ಕಾಗದ ಸಾಲದು ಅಂತ ತಿರಸ್ಕರಿಸಿದರು, ಆ ಕಾಗದ ಸೇರಿಸಿ ಮತ್ತೆ ಕಳಿಸಿದೆ. ಕೊನೆಗೆ ಬಹುಪಾಲು ಮನ್ನಾ ಆಯಿತು. ಉಳಿದದ್ದನ್ನು ಬಡ್ಡಿಯಿಲ್ಲದೆ ತಿಂಗಳು ತಿಂಗಳು ಕಟ್ಟಿದೆ. ಫೋನ್ ಮಾಡಿದಾಗಲೆಲ್ಲ ತಾರೀಕು, ಮಾತಾಡಿದವರ ಹೆಸರು ಅದೇ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿಟ್ಟುಕೋ.

ಊರಿಗೆ ಹೋಗಿ ತೋರಿಸುವ ಯೋಚನೆ ತಪ್ಪಲ್ಲ. ಮೈಸೂರಲ್ಲೋ ಬೆಂಗಳೂರಲ್ಲೋ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಸಂಜೆಯೊಳಗೆ ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿರುತ್ತದೆ. ಆದರೆ ನಿನ್ನ ಎಚ್-4 ಅವಲಂಬಿತ ವೀಸಾ ನಿಂತಿರುವುದು ನಿಮ್ಮೆಜಮಾನರ ಎಚ್-1ಬಿ ಕೆಲಸದ ವೀಸಾದ ಮೇಲೆ. ಈಗ ಹೊರಗೆ ಕಾಲಿಟ್ಟರೆ ವಾಪಸ್ ಬರುವುದು ಹೇಗೆ ಅಂತ ವೀಸಾ ಲಾಯರನ್ನು ಕೇಳದೆ ಟಿಕೆಟ್ ಮಾಡಬೇಡ. ಊರಿನ ಡಾಕ್ಟರಿಗೆ ಫೋನಿನಲ್ಲಿ ರಿಪೋರ್ಟ್ ತೋರಿಸಿ ಅಭಿಪ್ರಾಯ ಕೇಳು, ಅದು ಒಳ್ಳೆಯದೇ. ಹೊಟ್ಟೆ ಮುಟ್ಟಿ ನೋಡುವುದನ್ನು ಮಾತ್ರ ಇಲ್ಲಿಯವರೇ ಮಾಡಬೇಕು.

ಅಮ್ಮನಿಗೆ ಹೇಳಿಲ್ಲ, ಗಂಡನಿಗೂ ಪೂರ್ತಿ ಹೇಳಿಲ್ಲ, ಅವರಿಗೆ ಮೊದಲೇ ಕೆಲಸದ ಚಿಂತೆ ಅಂದಿದ್ದೀಯ. ಅಮ್ಮನ ವಿಷಯ ನಿನಗೆ ಬಿಟ್ಟದ್ದು. ಗಂಡನಿಗೆ ಮಾತ್ರ ಇವತ್ತೇ ಹೇಳು. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಕಾರು ಓಡಿಸಬೇಕಾದವರು ಅವರು, ಕೋಬ್ರಾ ಪತ್ರ ಬರುವುದೂ ಅವರ ಹೆಸರಿಗೆ. ಡಾಕ್ಟರ್ ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿದಾಗ ಸಂಕೋಚಕ್ಕೆ ಮೂರು ಅನ್ನಬೇಡ. ನೆಲದ ಮೇಲೆ ಮುದುಡಿ ಮಲಗುವಷ್ಟು ನೋವು ಅಂತ ನನಗೆ ಬರೆದಿದ್ದೀಯಲ್ಲ, ಅದನ್ನೇ ಹೇಳು. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಇಂಟರ್‌ಪ್ರೆಟರ್ ಬೇಕು ಅನ್ನು. ಫೋನಿನಲ್ಲಿ ಕನ್ನಡದವರನ್ನು ಹುಡುಕಿ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ನಾಳೆ ಬೆಳಿಗ್ಗೆ ಹೆಲ್ತ್ ಸೆಂಟರ್‌ಗೆ ಫೋನ್ ಮಾಡು. ಹೊಸ ಪೇಶೆಂಟಿಗೆ ಮೂರು ನಾಲ್ಕು ವಾರದ ನಂತರದ ತಾರೀಕು ಕೊಡಬಹುದು. ತಗೋ. ಬೇರೆ ಪೇಶೆಂಟ್ ಯಾರಾದರೂ ಬರದಿದ್ದರೆ ಆ ಸಮಯಕ್ಕೆ ನನ್ನನ್ನು ಕರೆಯಿರಿ ಅಂತಲೂ ಹೆಸರು ಬರೆಸು. ಯಾರನ್ನು ಕೇಳಬೇಕು ಅಂತಲೇ ತಿಳಿಯದಿದ್ದರೆ 211ಕ್ಕೆ ಮಾಡು, ಹತ್ತಿರದ ಸಹಾಯ ಎಲ್ಲೆಲ್ಲಿದೆ ಅಂತ ಹೇಳುತ್ತಾರೆ. ನಿನ್ನ ಜಿಪ್ ಕೋಡ್ ನನಗೂ ಕಳಿಸು. ಎಡಿಸನ್ ಸುತ್ತಮುತ್ತ ಆದರೆ ಮೊದಲ ಸಲ ನಾನೇ ಜೊತೆಗೆ ಬರುತ್ತೇನೆ.