ಬೆಣ್ಣಿಗೆ ಇಟ್ಟ ಗಜ್ಜರಿ

ಪ್ರಶ್ನೆ: ಟೀಚರಕ್ಕಾ, ನಮ್ಮದು ರಾಯಚೂರು. ಮಗಳಿಗೆ 6 ವರ್ಷ. ಯುಗಾದಿಗೆ ಹಟ ಮಾಡಿ ಬಿಳಿ ಮೊಲ ತರಿಸಿಕೊಂಡಳು, ಬೆಣ್ಣಿ ಅಂತ ಹೆಸರಿಟ್ಟಳು. ಮಾಳಿಗೆ ಮೇಲೆ ತಗಡಿನ ಶೀಟಿನ ಕೆಳಗೆ ಅದರ ಗೂಡು. ಮೇ ತಿಂಗಳ ಒಂದು ಮಧ್ಯಾಹ್ನ ನಾನು ಹೋಗಿ ನೋಡಿದರೆ ಅಡ್ಡ ಬಿದ್ದಿತ್ತು, ಜೀವ ಇರಲಿಲ್ಲ. ಮಗಳು ಸೋದರತ್ತೆ ಮನೆಗೆ ಹೋಗಿದ್ದಳು. ಅವಳು ಬರುವುದರೊಳಗೆ ನಮ್ಮ ಮನೆಯವರು ಊರಾಚೆ ಬೇವಿನ ಗಿಡದ ಬುಡದಲ್ಲಿ ಹೂತು ಬಂದು, "ಬೆಣ್ಣಿ ಅವರವ್ವನ ಕೂಡ ಹೊಲಕ್ಕ ಹೋಗ್ಯಾದ" ಅಂದುಬಿಟ್ಟರು. ಅವತ್ತಿನಿಂದ ದಿನಾ ಸಂಜೆ ಅವಳು ಮಾಳಿಗೆ ಮೇಲೆ ಗಜ್ಜರಿ ತುಂಡು ಇಡುತ್ತಾಳೆ. ಇರುವೆ ಹತ್ತುತ್ತವೆ ಅಂತ ರಾತ್ರಿ ಅವಳು ಮಲಗಿದ ಮೇಲೆ ನಾನು ತೆಗೆದುಹಾಕುತ್ತೇನೆ. ಬೆಳಿಗ್ಗೆ ಓಡಿಹೋಗಿ ನೋಡಿ, "ಬೆಣ್ಣಿ ಬಂದು ತಿಂದು ಹೋಗ್ಯಾದ" ಅಂತ ಕುಣಿಯುತ್ತಾಳೆ. ನನಗೆ ಕರುಳು ಕಿವುಚಿದ ಹಾಗಾಗುತ್ತದೆ. ಅತ್ತೆಯವರು "ಬಿಡವ್ವಾ, ಸಣ್ಣ ಕೂಸು, ನಾಕು ದಿನಕ್ಕ ಮರೀತದ" ಅನ್ನುತ್ತಾರೆ. ಮನೆಯವರು ಅಂಥದ್ದೇ ಇನ್ನೊಂದು ಬಿಳಿ ಮೊಲ ತಂದು, ಬೆಣ್ಣಿ ವಾಪಸ್ ಬಂತು ಅನ್ನೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಆ ಗಜ್ಜರಿ ತುಂಡು ನನ್ನ ಕಣ್ಣಿನಿಂದ ಆಚೆ ಹೋಗುತ್ತಿಲ್ಲ. ಮೊದಲು ಒಂದು ಮಾತು: ಇನ್ನೊಂದು ಮೊಲ ತಂದು ಅದೇ ಇದು ಅನ್ನಬೇಡಿ. ಯುಗಾದಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ಸಾಕಿದವಳಿಗೆ ಅದರ ಕಿವಿಯ ಒಳಗಿನ ಗೆರೆಯೂ ಗೊತ್ತಿರುತ್ತದೆ. ಅವಳು ಕಂಡುಹಿಡಿಯುತ್ತಾಳೆ. ಕಂಡುಹಿಡಿದ ದಿನ ನಿಮಗೆ ಹೇಳದೆ ಸುಮ್ಮನಿದ್ದರೆ ಅದು ಇನ್ನೂ ಕಷ್ಟ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ತೀರ್ಥಹಳ್ಳಿ ಸೀಮೆಯವಳು. ಮೂರನೇ ತರಗತಿಯಲ್ಲಿದ್ದಾಗ ತೋಟದಲ್ಲಿ ಗೂಡಿನಿಂದ ಬಿದ್ದ ಅಳಿಲು ಮರಿ ಸಿಕ್ಕಿತ್ತು. ಹತ್ತಿ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕುಡಿಸುತ್ತಿದ್ದೆ. ಐದನೇ ದಿನ ಶಾಲೆಯಿಂದ ಬಂದಾಗ ಬುಟ್ಟಿ ಖಾಲಿ. "ಅದರ ಅಮ್ಮ ಬಂದು ಕರ್ಕೊಂಡು ಹೋಯ್ತು ಮಗಾ" ಅಂದರು ಅಪ್ಪಯ್ಯ. ಮಾರನೆಯ ದಿನ ಗೊಬ್ಬರಗುಂಡಿಯ ಅಂಚಿನಲ್ಲಿ ಅದನ್ನು ನೋಡಿದೆ. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ನಂತರ ಅಜ್ಜನಿಗೆ ಹುಷಾರಿಲ್ಲದೆ ದೊಡ್ಡಾಸ್ಪತ್ರೆಗೆ ಸೇರಿಸಿದಾಗ, "ಅಜ್ಜ ಆರಾಮಾಗಿದಾರೆ, ಶನಿವಾರ ಬರ್ತಾರೆ" ಅಂದರು ಅಪ್ಪಯ್ಯ. ಅದು ನಿಜವಾಗಿತ್ತು. ಅಜ್ಜ ಶನಿವಾರವೇ ಬಂದರು. ಆದರೆ ಆ ನಾಲ್ಕು ರಾತ್ರಿ ನಾನು ಕಂಬಳಿಯೊಳಗೆ ಅಳುತ್ತಲೇ ಇದ್ದೆ, ಅಪ್ಪಯ್ಯನ ಮಾತು ನಂಬಲಿಕ್ಕೆ ಆಗಲಿಲ್ಲ. ಅಪ್ಪಯ್ಯ ಒಳ್ಳೆಯ ಮನುಷ್ಯ. ನಿಮ್ಮ ಮನೆಯವರೂ ಒಳ್ಳೆಯವರೇ, ಮಗಳ ಕಣ್ಣೀರು ನೋಡಲಾರದೆ ಹಾಗೆ ಹೇಳಿದ್ದಾರೆ.

ಆದ್ದರಿಂದ ನಿಜವನ್ನು ಅವರೇ ಹೇಳಲಿ. ಬರುವ ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ. ಮಲಗುವ ಹೊತ್ತಿನಲ್ಲಿ ಬೇಡ, ಆಮೇಲೆ ಅಳಲಿಕ್ಕೆ, ಕೇಳಲಿಕ್ಕೆ ಅವಳಿಗೆ ಇಡೀ ದಿನ ಇರಬೇಕು. ನೆಲದ ಮೇಲೆ ಅವಳ ಪಕ್ಕ ಕೂತು ಹೇಳಲಿ: "ಅವ್ವೀ, ನಾ ನಿನಗ ಸುಳ್ಳು ಹೇಳಿದ್ದೆ. ಬೆಣ್ಣಿ ಹೊಲಕ್ಕ ಹೋಗಿಲ್ಲ. ಬೆಣ್ಣಿ ಸತ್ತದ. ನೀ ಅಳ್ತೀ ಅಂತ ಹೆದರಿ ಹಂಗ ಹೇಳಿದೆ, ತಪ್ಪಾತು." ಗಜ್ಜರಿ ತೆಗೆಯುತ್ತಿದ್ದದ್ದು ನೀವು ಎಂಬುದನ್ನು ನೀವೇ ಹೇಳಿ.

"ಸತ್ತದ" ಎಂಬ ಮಾತು ಬಾಯಿಗೆ ಬರುವುದು ಕಷ್ಟ. ನಾವು ತೀರಿಕೊಂಡರು ಅನ್ನುತ್ತೇವೆ, ಶಿವನ ಪಾದ ಸೇರಿದರು ಅನ್ನುತ್ತೇವೆ, ಹೋಗಿಬಿಟ್ಟರು ಅನ್ನುತ್ತೇವೆ. ದೊಡ್ಡವರಿಗೆ ಅರ್ಥವಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಹೊರಡುವವರು ಬರೀ "ಹೋಗ್ತೀನಿ" ಎನ್ನುವುದುಂಟೇ? "ಹೋಗಿ ಬರ್ತೀನಿ" ಅನ್ನಬೇಕು ಅಂತ ಮಕ್ಕಳಿಗೆ ನಾವೇ ಕಲಿಸುತ್ತೇವೆ. ಹೋದದ್ದು ಬರುತ್ತದೆ ಅಂತ ನಿಮ್ಮ ಮಗಳು ಗಜ್ಜರಿ ಇಡುತ್ತಿರುವುದು ಅದಕ್ಕೇ. "ಮಲಗ್ಯಾದ" ಅಂದರೆ ರಾತ್ರಿ ತಾನು ಮಲಗಲು ಹೆದರಬಹುದು. "ದೇವರು ಕರಕೊಂಡ" ಅಂದರೆ ನಾಳೆ ಅವ್ವನನ್ನೂ ಕರೆದುಕೊಂಡರೆ ಎಂಬ ಭಯ ಹುಟ್ಟಬಹುದು. ನಿಮ್ಮ ನಂಬಿಕೆಯನ್ನು ಹೇಳಬೇಡಿ ಎನ್ನುತ್ತಿಲ್ಲ. ಮೊದಲು ಇದನ್ನು ಹೇಳಿ: ಬೆಣ್ಣಿಗೆ ಈಗ ಉಸಿರಿಲ್ಲ, ಹಸಿವಿಲ್ಲ, ನೋವಿಲ್ಲ, ಬಿಸಿಲು ತಾಗುವುದಿಲ್ಲ, ಅದು ಮತ್ತೆ ಬರುವುದಿಲ್ಲ.

"ಯಾಕ ಸತ್ತಿತು?" ಅಂತ ಕೇಳುತ್ತಾಳೆ. ತಂಗೀ, ಇಲ್ಲಿ ನಿಮಗೆ ನೋವಾಗುವ ಮಾತು ಹೇಳಬೇಕಾಗಿದೆ. ನೀವು ಬರೆದದ್ದನ್ನು ನೋಡಿದರೆ ಅದು ಬಿಸಿಲಿನ ಝಳಕ್ಕೇ ಸತ್ತಿರಬೇಕು. ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಕಾವನ್ನು ಮುಖ್ಯವಾಗಿ ಕಿವಿಗಳಿಂದ ಕಳೆದುಕೊಳ್ಳುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ರಾಯಚೂರಿನ ಮೇ ತಿಂಗಳು 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಇದನ್ನು ಮುಚ್ಚಿಟ್ಟರೆ ಅವಳು ತನ್ನದೇ ಕಾರಣ ಕಟ್ಟಿಕೊಳ್ಳುತ್ತಾಳೆ. ಈ ವಯಸ್ಸಿನ ಮಕ್ಕಳು, "ನಾ ಅವತ್ತು ಬೈದಿದ್ದೆ, ಅದಕ್ಕ ಸತ್ತಿತು", "ನಾ ಅತ್ತಿ ಮನಿಗೆ ಹೋಗಬಾರದಿತ್ತು" ಅಂತ ಒಳಗೇ ನಂಬಿ ಕೊರಗುತ್ತಾರೆ. "ಗೂಡು ಅಲ್ಲಿಟ್ಟವರು ನಾವು ದೊಡ್ಡವರು. ಮೊಲಕ್ಕ ಅಷ್ಟು ಬಿಸಿಲು ಆಗಂಗಿಲ್ಲ ಅಂತ ನಮಗ ಗೊತ್ತಿರಲಿಲ್ಲ. ನಿಂದೇನೂ ತಪ್ಪಿಲ್ಲ" ಅನ್ನಿ. ಹೇಳುವಾಗ ನಿಮಗೇ ಅಳು ಬಂದರೆ ಬರಲಿ.

ಅವಳು ಸಿಟ್ಟು ಮಾಡಬಹುದು, ಅಪ್ಪನನ್ನು ಹೊಡೆಯಬಹುದು. ಹತ್ತು ನಿಮಿಷ ಅತ್ತು, ಎದ್ದು ಹೋಗಿ ಆಡಲೂಬಹುದು. ಅತ್ತೆಯವರು ಆಗ "ನೋಡು, ಮರೆತಳು" ಅನ್ನುತ್ತಾರೆ. ಮರೆತಿರುವುದಿಲ್ಲ. ಮಕ್ಕಳ ದುಃಖ ಕಂತು ಕಂತಾಗಿ ಬರುತ್ತದೆ, ರಾತ್ರಿ ಊಟಕ್ಕೆ ಕೂತಾಗ ಮತ್ತೆ ಬರುತ್ತದೆ.

ಅವಳು ಒಪ್ಪಿದರೆ ಅವತ್ತು ಸಂಜೆ ಮೂವರೂ ಆ ಬೇವಿನ ಗಿಡದ ಹತ್ತಿರ ಹೋಗಿ. ಅತ್ತೆಯವರನ್ನೂ ಕರೆಯಿರಿ. ಗಜ್ಜರಿ ಅವಳ ಕೈಯಲ್ಲೇ ಇರಲಿ, ಅಲ್ಲಿ ಇಡಬೇಕೋ ಬೇಡವೋ ಅವಳೇ ನೋಡಿಕೊಳ್ಳಲಿ. ಊದುಬತ್ತಿ ಹಚ್ಚುತ್ತೇನೆ ಅಂದರೆ ಹಚ್ಚಲಿ. "ಮೊಲಕ್ಕೆ ಯಾಕೆ ಇದೆಲ್ಲ" ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಬಾರದು. ಅಗೆದು ತೋರಿಸು ಎಂದರೆ, ಬೇಡ, ಮೈ ಮಣ್ಣಾಗುತ್ತಿರುತ್ತದೆ ಎಂದು ನೇರವಾಗಿ ಹೇಳಿ. ಗೂಡನ್ನು ಅವಳನ್ನು ಕೇಳದೆ ಗುಜರಿಗೆ ಹಾಕಬೇಡಿ.

ಇನ್ನೊಂದು ಮೊಲದ ಮಾತು ಅವಳೇ ಎತ್ತುವವರೆಗೆ ಕಾಯಿರಿ. ಆಗ ತಂದರೂ ಅದಕ್ಕೆ ಬೇರೆ ಹೆಸರಿರಲಿ, ಗೂಡು ಮನೆಯ ಒಳಗೆ ತಂಪಿನಲ್ಲಿರಲಿ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ, ಅಷ್ಟು ವರ್ಷದ ಜವಾಬ್ದಾರಿ ಎಂದು ಎಣಿಸಿ ತನ್ನಿ. ತಿಂಗಳು ಕಳೆದರೂ ಅವಳಿಗೆ ನಿದ್ದೆ ಬಾರದೆ, ಊಟ ಸೇರದೆ, ಶಾಲೆಗೆ ಹೋಗಲು ಒಪ್ಪದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗನಿಗೆ 4 ವರ್ಷ. ಗಾಜಿನ ಬೌಲಿನಲ್ಲಿದ್ದ ಗೋಲ್ಡ್ ಫಿಶ್ ಸತ್ತಾಗ ಅವನ ಎದುರಿಗೇ ಕಮೋಡಿಗೆ ಹಾಕಿ ಫ್ಲಶ್ ಮಾಡಿದೆ. ಆಗಿನಿಂದ ಟಾಯ್ಲೆಟ್‌ಗೆ ಹೋಗು ಅಂದರೆ ಚೀರಾಡುತ್ತಾನೆ. "ಫಿಶ್ ಯಾವಾಗ ಮೇಲೆ ಬರುತ್ತೆ" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾನೆ.
— ಒಬ್ಬ ತಂದೆ

ಉತ್ತರ: ಅವನು ನೋಡಿದ್ದು ಇಷ್ಟೇ: ಅಪ್ಪ ಬಟನ್ ಒತ್ತಿದರು, ತಾನು ಮುದ್ದು ಮಾಡುತ್ತಿದ್ದ ಮೀನನ್ನು ಕಮೋಡು ನುಂಗಿತು. ಇನ್ನು ಅದರ ಮೇಲೆ ಹೇಗೆ ಕೂರುತ್ತಾನೆ? ಅವನನ್ನು ಗದರಿಸಬೇಡಿ. ಸದ್ಯ ಮಕ್ಕಳ ಪಾಟಿ ಕೊಡಿ, ಬಾಗಿಲು ತೆರೆದಿಟ್ಟು ಅವನ ಜೊತೆ ಕೂತಿರಿ, ಅವನು ಹೊರಗೆ ಬಂದ ಮೇಲೆ ಫ್ಲಶ್ ಮಾಡಿ. ಈ ರಂಧ್ರದಲ್ಲಿ ಮಕ್ಕಳು ಹಿಡಿಸುವುದಿಲ್ಲ ಎಂದು ಅವನ ಕೈಯನ್ನೇ ಅಳತೆ ಹಿಡಿದು ತೋರಿಸಿ.

ಈ ವಯಸ್ಸಿಗೆ ಸಾವು ಎಂದರೆ ಹೋಗಿ ಬರುವ ಊರು. ಬುಡಾಪೆಸ್ಟಿನ ಸುತ್ತಮುತ್ತಲ ಮಕ್ಕಳನ್ನು ಮಾತಾಡಿಸಿ ಮಾರಿಯಾ ನಾಗಿ ಎಂಬ ಮನಶ್ಶಾಸ್ತ್ರಜ್ಞೆ 1948ರಲ್ಲಿ ಬರೆದದ್ದೂ ಇದನ್ನೇ: ಐದು ವರ್ಷದೊಳಗಿನವರು ಸಾವನ್ನು ನಿದ್ದೆಯ ಹಾಗೆ, ಪ್ರಯಾಣದ ಹಾಗೆ ಕಾಣುತ್ತಾರೆ. ಅದಕ್ಕೇ ಹತ್ತು ಸಲ ಕೇಳುತ್ತಾನೆ. ಹತ್ತು ಸಲವೂ ಒಂದೇ ಉತ್ತರ ಕೊಡಿ: "ಬರಲ್ಲ ಕಂದಾ, ಮೀನು ಸತ್ತಿದೆ. ನೀರಿಗೆ ಹಾಕುವ ಮೊದಲೇ ಸತ್ತಿತ್ತು, ಅದಕ್ಕೆ ನೋವಾಗಲಿಲ್ಲ." ಮೀನಿನ ಚಿತ್ರ ಬರೆಯೋಣ ಅಂತ ಬಣ್ಣದ ಪೆನ್ಸಿಲ್ ಕೊಟ್ಟು ಜೊತೆಗೆ ಕೂರಿ, ಅವನು ಏನು ಬರೆದರೂ ತಿದ್ದಬೇಡಿ.

ಆ ಬೌಲಿಗೆ ಮತ್ತೆ ಮೀನು ತರಬೇಡಿ. ಗೋಲ್ಡ್ ಫಿಶ್ ಹತ್ತು ವರ್ಷಕ್ಕಿಂತ ಹೆಚ್ಚು ಬದುಕಬಲ್ಲ ಮೀನು. ಸಣ್ಣ ಬೌಲಿನಲ್ಲಿ ಅದು ಹೊರಹಾಕುವ ಹೊಲಸಿನಿಂದಲೇ ಅಮೋನಿಯ ಸೇರಿ ನೀರು ವಿಷವಾಗುತ್ತದೆ. ಮುಂದೆಂದಾದರೂ ದೊಡ್ಡ ತೊಟ್ಟಿ, ಫಿಲ್ಟರ್ ಇಟ್ಟು ಸಾಕಿದಿರಾದರೆ, ಮೀನು ಸತ್ತಾಗ ಬಾಲ್ಕನಿಯ ಹೂಕುಂಡದಲ್ಲಿ ಆಳಕ್ಕೆ ಹೂತು, ಮಣ್ಣು ಮುಚ್ಚುವ ಕೆಲಸ ಅವನಿಗೆ ಕೊಟ್ಟು, ಆಮೇಲೆ ಇಬ್ಬರೂ ಸೋಪಿನಿಂದ ಕೈ ತೊಳೆದುಕೊಳ್ಳಿ.