ಮೂರು ವರ್ಷ ಅಪ್‌ಡೇಟ್ ಇಲ್ಲದ ಪ್ಯಾಕೇಜ್ ಬಿಡಬೇಕಾ?

ಪ್ರಶ್ನೆ: ನಮ್ಮೂರಿನ ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಬಗೆಗಳ ಲೆಕ್ಕವನ್ನು ಪಿಡಿಎಫ್ ಮಾಡೋಕೆ ಒಂದು ಓಪನ್ ಸೋರ್ಸ್ ಪ್ಯಾಕೇಜ್ (ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಸಿದ್ಧ ಕೋಡ್) ಬಳಸಿದ್ದೇನೆ. ಮೂರು ವರ್ಷದಿಂದ ಅದಕ್ಕೆ ಅಪ್‌ಡೇಟ್ ಇಲ್ಲ. ಬಿಟ್ಟುಬಿಡಲಾ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸುಮ್ನೆ ತಾರೀಕು ನೋಡಿ ಬಿಡಬೇಡಿ. ಕೆಲಸ ಮುಗಿದ ಸಣ್ಣ ಪ್ಯಾಕೇಜ್ ವರ್ಷಗಟ್ಟಲೆ ಹಾಗೇ ಇರಬಹುದು. ಜನ ಬರೆದ ದೂರುಗಳಿಗೆ ಯಾರಾದರೂ ಉತ್ತರ ಕೊಡುತ್ತಿದ್ದಾರಾ, ಭದ್ರತೆಯ ದೋಷ ತಿಳಿಸಿದಾಗ ಸರಿಪಡಿಸಿದ್ದಾರಾ, ನೋಡಿಕೊಳ್ಳುವವರು ಎಷ್ಟು ಜನ, ಇದನ್ನು ನೋಡಿ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವವರಿಲ್ಲದ ಅಡಿಕೆ ತೋಟಕ್ಕೆ ಕೊಳೆ ರೋಗ ಬರುತ್ತದೆ ಅಲ್ವಾ, ಹಾಗೇ ಇದು.

ಒಬ್ಬರೇ ನೋಡಿಕೊಳ್ಳುವುದು ನನಗೆ ಜಾಸ್ತಿ ಭಯ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ಪ್ಯಾಕೇಜನ್ನು ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆ ಅಂತ ಬಂದವನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳದಾರಿ ಇಟ್ಟ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದಕ್ಕೆ ಅದು ಸಿಕ್ಕಿಬಿತ್ತು. 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿದಾಗ ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ (ಕೋಡ್‌ನಿಂದ ಸಾಫ್ಟ್‌ವೇರ್ ತಯಾರಾಗದೆ) ನಿಂತವು.

ನೀವು ಪ್ಯಾಕೇಜಿನ ಈಗಿನ ಆವೃತ್ತಿಯನ್ನು ತಾನಾಗಿ ಬದಲಾಗದಂತೆ ಲಾಕ್ ಮಾಡಿ, ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ. ದೂರುಗಳಿಗೆ ಉತ್ತರವೇ ಇಲ್ಲದಿದ್ದರೆ ಬೇರೆ ಪ್ಯಾಕೇಜ್ ಹುಡುಕಿ, ಆದರೆ ಸುಗ್ಗಿ ಮುಗಿದ ಮೇಲೆ ಬದಲಿಸಿ. ಬದಲಿಸುವ ಮುಂಚೆ ಹೊಸ ಪ್ಯಾಕೇಜಿನಲ್ಲಿ ಒಂದು ಬಿಲ್ ಪ್ರಿಂಟ್ ತೆಗೆದು ನೋಡಿ, ‘ಕ್ವಿಂಟಾಲ್’ನ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಹೋಗಿದ್ದರೆ ಆ ಪ್ಯಾಕೇಜ್ ನಿಮಗೆ ಬೇಡ.